ನೆಲೆ ನಿಂತ ಮೇಲೆ ಸೇವೆ ಅಂತ ಕಾಯಬೇಡ, ತಂಗಿ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಸಲುಗೆಯಿಂದ ನೀನು ಅಂತಲೇ ಬರೆಯುತ್ತೇನೆ. ಹೊರದೇಶಕ್ಕೆ ಬಂದು ಇನ್ನೂ ಕೆಲವೇ ತಿಂಗಳು. ಭಾನುವಾರದ ಪೂಜೆ ತಪ್ಪಿಸಿಲ್ಲ. ಆದರೆ ಪೂಜೆ ಮುಗಿಯುತ್ತಿದ್ದಂತೆ ಎಲ್ಲರೂ ಹೊರಟುಬಿಡುತ್ತಾರೆ, ನನ್ನ ಹೆಸರು ಕೇಳಿದವರೂ ಇಲ್ಲ ಅಂತ ಬರೆದಿದ್ದೀಯ. ಊರಲ್ಲಿದ್ದಾಗ ರೋಗಿಗಳನ್ನು ನೋಡಲು ಹೋಗುತ್ತಿದ್ದೆ, ಹಾಡುತ್ತಿದ್ದೆ, ಇಲ್ಲಿ ಯಾರಿಗೂ ಬೇಡದವಳ ಹಾಗೆ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತೇನೆ ಅಂದಿದ್ದೀಯ. ಆಮೇಲೆ ಮೂರು ಪ್ರಶ್ನೆ ಕೇಳಿದ್ದೀಯ. ಮೊದಲು ನೆಲೆ ನಿಂತು ಆಮೇಲೆ ಸೇವೆಗೆ ಇಳಿಯಲೋ? ಭಾಷೆ ಸರಿಯಾಗಿ ಬರದ, ರಾತ್ರಿ ಪಾಳಿ ಮಾಡುವ ನನ್ನಿಂದ ಏನಾಗುತ್ತದೆ? ನನ್ನ ಜೊತೆ ಮನೆ ಹಂಚಿಕೊಂಡಿರುವ ಹುಡುಗಿ 'ಒಳ್ಳೆಯದು ಮಾಡೋಕೆ ಚರ್ಚ್ ಯಾಕೆ ಬೇಕು?' ಅಂತಾಳೆ, ಅವಳಿಗೆ ಏನು ಹೇಳಲಿ?

ಮೊದಲನೆಯದಕ್ಕೆ ನನ್ನ ಉತ್ತರ ನೇರ. ಕಾಯಬೇಡ. ನೆಲೆ ನಿಲ್ಲುವುದು ಅನ್ನೋದಕ್ಕೆ ಇಲ್ಲಿ ಕೊನೆಯೇ ಇಲ್ಲ. ಮೊದಲು ಕಾಗದಪತ್ರ, ಆಮೇಲೆ ಒಳ್ಳೆಯ ಕೆಲಸ, ಆಮೇಲೆ ಮನೆ, ಆಮೇಲೆ ಮಕ್ಕಳ ಶಾಲೆ. ಎಲ್ಲ ಆದ ಮೇಲೆ ಅಂದುಕೊಂಡವರು ವಯಸ್ಸಾಗುವವರೆಗೂ ಹಿಂದಿನ ಬೆಂಚಿನಲ್ಲೇ ಕೂತಿರುವುದನ್ನು ಕಂಡಿದ್ದೇನೆ. ಅವರು ಕೆಟ್ಟವರಲ್ಲ. ಆದರೆ ಅವರಿಗೆ ಚರ್ಚ್ ಕೊನೆಗೂ ತಮ್ಮದು ಅನಿಸಲಿಲ್ಲ. ಯಾರಾದರೂ ನಮ್ಮನ್ನು ಮಾತಾಡಿಸಿದ ಮೇಲೆ ನಾವು ಒಳಗಿನವರಾಗುತ್ತೇವೆ ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಅದು ತಿರುಗಾಮುರುಗಾ. ಯಾರದ್ದಾದರೂ ಭಾರಕ್ಕೆ ಹೆಗಲು ಕೊಟ್ಟ ದಿನದಿಂದ ನಾವು ಒಳಗಿನವರು.

ಬೈಬಲಿನಲ್ಲಿ ತೋಬಿತನ ಗ್ರಂಥ ಓದಿದ್ದೀಯಾ? ನಮ್ಮ ಕಥೋಲಿಕ ಬೈಬಲಿನಲ್ಲಿದೆ, ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪುಟ್ಟ ಗ್ರಂಥ, ಒಂದು ಸಂಜೆಗೆ ಮುಗಿಯುತ್ತದೆ. ತೋಬಿತ ಪರದೇಶಕ್ಕೆ ಬಂದವನು. ತಾನಾಗಿ ಬಂದವನಲ್ಲ, ಸೆರೆಯಾಗಿ ನಿನೆವೆಗೆ ಒಯ್ಯಲ್ಪಟ್ಟವನು. ಅಲ್ಲಿ ಅವನು ಹಸಿದವರಿಗೆ ಊಟ ಕೊಡುತ್ತಾನೆ, ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಡುತ್ತಾನೆ, ತನ್ನ ಜನರಲ್ಲಿ ಯಾರದ್ದಾದರೂ ಹೆಣ ಊರ ಗೋಡೆಯ ಆಚೆ ಬಿದ್ದಿದ್ದರೆ ಹೂಳುತ್ತಾನೆ. ರಾಜನಿಗೆ ವಿಷಯ ಮುಟ್ಟಿ ಆಸ್ತಿಯೆಲ್ಲ ಹೋಗುತ್ತದೆ, ತಲೆಮರೆಸಿಕೊಳ್ಳಬೇಕಾಗುತ್ತದೆ. ಮತ್ತೆ ಮನೆಗೆ ಮರಳಿದ ಮೇಲೆ ಒಂದು ಹಬ್ಬದ ದಿನ ಊಟಕ್ಕೆ ಕೂರುತ್ತಾನೆ. ಆಗ ಅವನಿಗೆ ಹೊಳೆಯುವ ಮೊದಲ ಯೋಚನೆ, ಮಗನನ್ನು ಕಳಿಸಿ ಬಡವನೊಬ್ಬನನ್ನು ಊಟಕ್ಕೆ ಕರೆಸುವುದು. ಮಗ ವಾಪಸ್ಸು ಬಂದು, ನಮ್ಮವನೊಬ್ಬನ ಹೆಣ ಸಂತೆಬೀದಿಯಲ್ಲಿ ಬಿದ್ದಿದೆ ಅನ್ನುತ್ತಾನೆ. ತೋಬಿತ ಊಟ ಮುಟ್ಟದೆ ಎದ್ದು ಹೋಗಿ ಹೆಣವನ್ನು ತಂದು ಇಡುತ್ತಾನೆ, ಸೂರ್ಯ ಮುಳುಗಿದ ಮೇಲೆ ಮಣ್ಣು ಮಾಡುತ್ತಾನೆ. ನೆರೆಯವರು ನಗುತ್ತಾರೆ, ಇವನಿಗಿನ್ನೂ ಬುದ್ಧಿ ಬಂದಿಲ್ಲ ಅಂತ.

ನನಗೆ ಈ ಕಥೆ ಯಾಕೆ ಇಷ್ಟ ಅಂದರೆ, ತೋಬಿತನಿಗೆ ಯಾವ ಭದ್ರತೆಯೂ ಇರಲಿಲ್ಲ. ಇದ್ದದ್ದೂ ಹೋಗಿತ್ತು. ಆದರೂ ಅವನು ಪರದೇಶದಲ್ಲಿ ದೇವರ ಮನುಷ್ಯನಾಗಿ ಉಳಿದದ್ದು ಈ ಕೆಲಸಗಳಿಂದ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ನಿನಗೆ ಬಾಯಿಪಾಠ ಇರಬೇಕು. ಹಸಿದವರು, ಬಾಯಾರಿದವರು, ಪರದೇಶಿ, ಬಟ್ಟೆ ಇಲ್ಲದವರು, ರೋಗಿ, ಸೆರೆಯಲ್ಲಿರುವವರು, ಹೀಗೆ ಅಲ್ಲಿ ಆರು ಜನ ಬರುತ್ತಾರೆ. ಅವರಿಗೆ ಮಾಡಿದ್ದು ನನಗೇ ಮಾಡಿದ್ದು ಅಂತ ಯೇಸುಸ್ವಾಮಿ ಹೇಳುತ್ತಾರೆ. ನಮ್ಮ ಧರ್ಮಸಭೆ, ಅಂದರೆ ಇಡೀ ಕಥೋಲಿಕ ಚರ್ಚ್, ಎಣಿಸುವ ದೈಹಿಕ ಕರುಣೆಯ ಕಾರ್ಯಗಳು ಏಳು. ಆ ಏಳನೆಯದು, ಸತ್ತವರನ್ನು ಹೂಳುವುದು, ಈ ತೋಬಿತನ ಕಡೆಯಿಂದ ಬಂದದ್ದು. ಅದರ ಬಗ್ಗೆ ಮುಂದೆ ಜಾಸ್ತಿ ಬರೆಯುತ್ತೇನೆ.

ಆ ಆರು ಜನರ ಪಟ್ಟಿಯಲ್ಲಿ ಪರದೇಶಿಯೂ ಇದ್ದಾನೆ ನೋಡು. ಅಂದರೆ ನೀನು. ಹಾಗಾಗಿ ನಿನ್ನನ್ನು ಯಾರೂ ಮಾತಾಡಿಸದೆ ಹೋಗುವುದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಅದು ಆ ಧರ್ಮಕೇಂದ್ರದ, ಅಂದರೆ ಅಲ್ಲಿನ ಚರ್ಚ್ ಸಮುದಾಯದ, ಕೊರತೆಯೇ. ನಿನಗೆ ನೋವಾಗಿದ್ದು ಸರಿ. ಆದರೆ ಈ ಕೊರತೆ ಧರ್ಮಸಭೆ ಹುಟ್ಟಿದ ಕಾಲದಿಂದಲೂ ಇದೆ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ತೆಗೆದು ನೋಡು. ಜೆರುಸಲೇಮಿನಲ್ಲಿ ದಿನಾ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರನ್ನು ಮಾತ್ರ ಯಾರೂ ಗಮನಿಸುತ್ತಿರಲಿಲ್ಲ. ಗೊಣಗಾಟ ಶುರುವಾಯಿತು. ಆಗ ಪ್ರೇಷಿತರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಸುಮ್ನಿರಿ ಅಂತ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಅಂದರು. ಜನ ಆರಿಸಿದ ಆ ಏಳು ಹೆಸರು ನೋಡು. ಸ್ತೇಫನನಿಂದ ಹಿಡಿದು ಅಂತಿಯೋಕ್ಯದ ನಿಕೊಲಾಯನವರೆಗೆ ಏಳೂ ಗ್ರೀಕ್ ಹೆಸರುಗಳೇ. ಯಾರನ್ನು ಮರೆತಿದ್ದರೋ ಅವರ ಮಾತು ಬಲ್ಲವರ ಕೈಗೇ ಬಡಿಸುವ ಕೆಲಸ ಬಂತು. ಪ್ರೇಷಿತರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಊಟ ಹಂಚುವುದಕ್ಕೆ ಅಷ್ಟು ಗಂಭೀರವಾದ ಪ್ರಾರ್ಥನೆ! ನನಗೆ ಅದು ಪ್ರತಿ ಸಲ ಓದಿದಾಗಲೂ ಮನಸ್ಸಿಗೆ ತಟ್ಟುತ್ತದೆ.

ಇನ್ನು ನಿನ್ನ ಎರಡನೇ ಪ್ರಶ್ನೆ, ಭಾಷೆ ಬರದವಳಿಂದ, ರಾತ್ರಿ ಪಾಳಿಯವಳಿಂದ ಏನಾಗುತ್ತದೆ ಅನ್ನುವುದು. ತುಂಬಾ ಆಗುತ್ತದೆ ತಂಗಿ. ನೀನು ಕೊರತೆ ಅಂದುಕೊಂಡಿರುವ ಎರಡೂ ಕೆಲವು ಕಡೆ ಬೇಕೇ ಬೇಕಾದವು.

ರಾತ್ರಿ ಪಾಳಿ ಅಂದರೆ ವಾರದ ನಡುವಿನ ಬೆಳಿಗ್ಗೆ ನಿನಗೆ ಸ್ವಲ್ಪ ಹೊತ್ತು ಸಿಗುತ್ತದೆ. ಸೇವೆಗೆ ಹೆಸರು ಕೊಟ್ಟವರಲ್ಲಿ ಜಾಸ್ತಿ ಜನ ಆ ಹೊತ್ತಿನಲ್ಲಿ ಆಫೀಸಿನಲ್ಲಿರುತ್ತಾರೆ. ಶವಸಂಸ್ಕಾರದ ಪೂಜೆಗಳು ನಡೆಯುವುದು ಹೆಚ್ಚಾಗಿ ವಾರದ ದಿನ ಬೆಳಿಗ್ಗೆ. ಮನೆ ಬಿಟ್ಟು ಹೊರಗೆ ಬರಲಾಗದ ವಯಸ್ಸಾದವರನ್ನು ಹೋಗಿ ನೋಡಲು ಒಳ್ಳೆಯ ಹೊತ್ತೂ ಅದೇ. ನಿದ್ದೆ ಕೆಡಿಸಿಕೊಂಡು ಹೋಗು ಅಂತ ಹೇಳುತ್ತಿಲ್ಲ. ನಿದ್ದೆ ಮುಖ್ಯ, ನಿನ್ನ ಕೆಲಸ ಇನ್ನೊಬ್ಬರ ಪ್ರಾಣಕ್ಕೆ ಸಂಬಂಧಪಟ್ಟದ್ದಾದರೆ ಇನ್ನೂ ಮುಖ್ಯ. ರಜೆ ಇರುವ ದಿನ, ವಾರಕ್ಕೆ ಒಂದು ಗಂಟೆ ಸಾಕು.

ಭಾಷೆಯ ವಿಷಯ ಕೇಳು. ಒಂಟಿಯಾಗಿರುವ ಮುದುಕಿಗೆ ಚೆನ್ನಾಗಿ ಮಾತಾಡುವವರು ಬೇಕಾಗಿಲ್ಲ. ತಾನು ಮಾತಾಡುವಾಗ ಗಡಿಯಾರ ನೋಡದೆ ಕೂರುವವರು ಬೇಕು. ನಿನ್ನ ಭಾಷೆಯೂ ಅಲ್ಲೇ ಸುಧಾರಿಸುತ್ತದೆ, ಯಾಕೆಂದರೆ ಅವರಿಗೆ ಆತುರ ಇರುವುದಿಲ್ಲ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಲು ಬೇಜಾರೂ ಇರುವುದಿಲ್ಲ. ಜಪಮಾಲೆ ಹೇಳುವಾಗ ಒಬ್ಬರು ಒಂದು ಭಾಷೆಯಲ್ಲಿ ಶುರು ಮಾಡಿ ಇನ್ನೊಬ್ಬರು ಇನ್ನೊಂದರಲ್ಲಿ ಮುಗಿಸಿದರೂ ಪ್ರಾರ್ಥನೆ ಕೆಡುವುದಿಲ್ಲ. ಇನ್ನೊಂದು ವಿಷಯ. ಮರೆವಿನ ಕಾಯಿಲೆ ಬಂದವರು ಎಷ್ಟೋ ಸಲ ಆಮೇಲೆ ಕಲಿತ ಭಾಷೆಯನ್ನು ಮೊದಲು ಕಳೆದುಕೊಳ್ಳುತ್ತಾರೆ, ಬಾಲ್ಯದ ಮಾತು ಮಾತ್ರ ಉಳಿಯುತ್ತದೆ. ಬಹಳ ವರ್ಷದ ಹಿಂದೆ ವಲಸೆ ಬಂದು, ಈಗ ವೃದ್ಧಾಶ್ರಮದಲ್ಲಿದ್ದು, ಸುತ್ತಲಿನವರಿಗೆ ಅರ್ಥವಾಗದ ಭಾಷೆಯಲ್ಲಿ ಏನೋ ಕೇಳುತ್ತಿರುವ ಹಿರಿಯರು ಎಲ್ಲ ದೇಶದಲ್ಲೂ ಇದ್ದಾರೆ. ಅಂಥವರ ಹತ್ತಿರ ಅವರದೇ ಮಾತಿನಲ್ಲಿ 'ನಮೋ ಮರಿಯಾ' ಪ್ರಾರ್ಥನೆ ಹೇಳಬಲ್ಲ ಒಬ್ಬಳು ಬಂದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅವರ ಮುಖ ಬೇರೆಯೇ ಆಗಿಬಿಡುತ್ತದೆ.

ಹೇಗೆ ಶುರು ಮಾಡುವುದು ಅಂತ ಕೇಳುತ್ತೀಯ ಅಲ್ವಾ. ಮೊದಲು ಧರ್ಮಕೇಂದ್ರದ ಕಚೇರಿಗೆ ಹೋಗಿ ಹೆಸರು, ವಿಳಾಸ ಬರೆಸು. ಹೊರದೇಶದಲ್ಲಿ ಎಷ್ಟೋ ಕಡೆ ಹೆಸರು ನೋಂದಾಯಿಸದಿದ್ದರೆ ನೀನು ಇರುವುದೇ ಅವರಿಗೆ ಗೊತ್ತಾಗುವುದಿಲ್ಲ. ಫಾದರ್ ಹತ್ತಿರ ಹೋಗಿ 'ಏನಾದರೂ ಸಹಾಯ ಬೇಕಾ?' ಅಂತ ಕೇಳಬೇಡ. ಖಂಡಿತ ಖುಷಿಪಡುತ್ತಾರೆ, ನಗುತ್ತಾರೆ, ಆಮೇಲೆ ಮರೆತುಹೋಗುತ್ತದೆ. 'ರೋಗಿಗಳ ಮನೆಗೆ ಹೋಗುವವರ ಗುಂಪನ್ನು ಯಾರು ನೋಡಿಕೊಳ್ಳುತ್ತಾರೆ? ಅವರ ಜೊತೆ ಒಂದು ಸಲ ಹೋಗಬಹುದಾ?' ಅಂತ ಕೇಳು. ಹೀಗೆ ಕೇಳಿದರೆ ನಿನ್ನನ್ನು ಒಬ್ಬರ ಹತ್ತಿರ ಕಳಿಸುತ್ತಾರೆ, ಅಲ್ಲಿಂದ ದಾರಿ ಬಿಡುತ್ತದೆ.

ಅವರು ಒಂದಿಷ್ಟು ಫಾರ್ಮ್ ಕೊಡುತ್ತಾರೆ. ಪೊಲೀಸ್ ದಾಖಲೆ ತಪಾಸಣೆ, ಸಣ್ಣ ತರಬೇತಿ, ಪರಿಚಯ ಹೇಳುವವರ ಹೆಸರು. ನನ್ನ ಮೇಲೆ ಅನುಮಾನವೇ ಅಂತ ಬೇಜಾರು ಮಾಡಿಕೊಳ್ಳಬೇಡ. ಮಕ್ಕಳ ಹತ್ತಿರ, ಅಸಹಾಯಕರ ಹತ್ತಿರ ಹೋಗುವ ಯಾರಿಗಾದರೂ ಈಗ ಬಹಳಷ್ಟು ದೇಶಗಳ ಧರ್ಮಕ್ಷೇತ್ರಗಳಲ್ಲಿ (ಒಬ್ಬ ಬಿಷಪರ ಕೆಳಗಿರುವ ಪ್ರದೇಶಗಳಲ್ಲಿ) ಇದು ಕಡ್ಡಾಯ, ಫಾದರ್‌ಗೂ ಕಡ್ಡಾಯ. ಧರ್ಮಸಭೆಯೊಳಗೇ ಮಕ್ಕಳಿಗೆ ಆದ ಘೋರ ಅನ್ಯಾಯಗಳಿಂದ ಬಂದ ನಿಯಮ ಇದು. ಇದನ್ನು ತಲೆಬಗ್ಗಿಸಿ ಪಾಲಿಸುವುದೂ ಸೇವೆಯ ಭಾಗ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮಕ್ಕಳ ಜೊತೆ ಒಬ್ಬಳೇ ಇರಬೇಡ. ಮನೆಗಳಿಗೆ ಹೋಗುವಾಗ ಇಬ್ಬರಾಗಿ ಹೋಗು. ಯೇಸುವೂ ಶಿಷ್ಯರನ್ನು ಇಬ್ಬಿಬ್ಬರನ್ನಾಗಿಯೇ ಕಳಿಸಿದ್ದು. ಯಾರ ಮನೆಯಲ್ಲಿ ಏನು ನೋಡಿದೆ, ಏನು ಕೇಳಿದೆ ಅನ್ನುವುದು ಅಲ್ಲೇ ಉಳಿಯಬೇಕು. ನಮ್ಮವರ ನಡುವೆ ಮಾತು ಬೇಗ ಹರಡುತ್ತದೆ, ಇದನ್ನು ವಿಶೇಷವಾಗಿ ನೆನಪಿಟ್ಟುಕೋ.

ಇಬ್ಬರಾಗಿ ಮನೆಮನೆಗೆ ಹೋಗುವ ಪದ್ಧತಿ ಅಂದಾಗ ಸಂತ ವಿನ್ಸೆಂಟ್ ದೆ ಪಾಲ್ ಸೊಸೈಟಿ ನೆನಪಾಗುತ್ತದೆ. ನಿನ್ನ ಧರ್ಮಕೇಂದ್ರದಲ್ಲೂ ಇರಬಹುದು, ವಿಚಾರಿಸು. 1833ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಶುರು ಮಾಡಿದವರು ಕಾಲೇಜು ವಿದ್ಯಾರ್ಥಿಗಳು. ಅವರಲ್ಲಿ ಮುಖ್ಯನಾದ ಫ್ರೆಡೆರಿಕ್ ಓಜನಾಂಗೆ ಆಗ 20 ವರ್ಷ. ಅವನೂ ಬೇರೆ ಊರಿನಿಂದ ಓದಲು ಬಂದವನೇ. ಒಂದು ಚರ್ಚೆಯಲ್ಲಿ ಎದುರಾಳಿಯೊಬ್ಬ, ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ಬಡವರಿಗೆ ಏನು ಮಾಡುತ್ತಿದೆ ಅಂತ ಕೇಳಿದ. ಓಜನಾಂ ವಾದ ಬೆಳೆಸಲಿಲ್ಲ. ಗೆಳೆಯರನ್ನು ಸೇರಿಸಿಕೊಂಡು ಬಡವರ ಮನೆಗಳಿಗೆ ಹೊರಟ. ಆ ಕೇರಿಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೊಸಾಲಿ ರಾಂದ್ಯು ಅವರಿಗೆ ದಾರಿ ತೋರಿಸಿದರು. ಈಗ ಆ ಸಂಘ ಸುಮಾರು 150 ದೇಶಗಳಲ್ಲಿದೆ. ಇದರಲ್ಲಿ ನನಗೆ ಮುಖ್ಯ ಅನಿಸುವುದು ಸಂಘದ ಗಾತ್ರ ಅಲ್ಲ. ಅವರು ಬಡವರನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ, ತಾವೇ ಅವರ ಬಾಗಿಲಿಗೆ ಹೋದರು. ಬಾಗಿಲಿಗೆ ಹೋದವರು ಅತಿಥಿ. ಅತಿಥಿಯಾದವರಿಗೆ ದರ್ಪ ತೋರಿಸಲು ಆಗುವುದಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಫಾದರ್ ನಿನ್ನನ್ನು ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಅರ್ಪಿಸಿದ ಪವಿತ್ರ ರೊಟ್ಟಿಯನ್ನು, ರೋಗಿಗಳ ಮನೆಗೆ ಒಯ್ಯುವ ಸೇವೆಗೆ ಕೇಳಬಹುದು. ಸಾಮಾನ್ಯ ವಿಶ್ವಾಸಿಗಳಿಗೆ ಈ ಅನುಮತಿಯನ್ನು ವಿಶಾಲವಾಗಿ ಕೊಟ್ಟದ್ದು 1973ರಲ್ಲಿ, ಆರನೇ ಪೌಲ್ ಪೋಪ್ ಆಗಿದ್ದಾಗ. ಕೇಳಿದರೆ ಹಿಂಜರಿಯಬೇಡ. ಆದರೆ ಹಗುರವಾಗಿಯೂ ತೆಗೆದುಕೊಳ್ಳಬೇಡ. ಪರಮಪ್ರಸಾದದ ಪುಟ್ಟ ಪೆಟ್ಟಿಗೆ ನಿನ್ನ ಹತ್ತಿರ ಇರುವಾಗ ನೇರ ರೋಗಿಯ ಮನೆಗೇ ಹೋಗಬೇಕು, ದಾರಿಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಅಲ್ಲಿ ಕೊಟ್ಟು ತಕ್ಷಣ ಎದ್ದು ಬರಬೇಡ. ವಾಚನ ಓದು, ಜೊತೆಗೂಡಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳು, ಕೂರು. ಆ ಮನೆಯವರಿಗೆ ಆ ವಾರ ಬಂದ ದೇವಾಲಯ ನೀನೇ. ಮತ್ತೆ ಒಂದು ಮಾತು, ರೋಗಿಗಳ ಅಭ್ಯಂಗ, ಅಂದರೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಕೊಡುವ ಅಧಿಕಾರ ಫಾದರ್‌ಗಳಿಗೆ ಮಾತ್ರ ಇರುವುದು. ರೋಗಿಯ ಸ್ಥಿತಿ ಇಳಿಯುತ್ತಿದೆ ಅನಿಸಿದರೆ ಫಾದರ್‌ಗೆ ಬೇಗ ತಿಳಿಸು. ಕೊನೆಯ ಗಳಿಗೆಗೆ ಕಾಯುವುದು ತಪ್ಪು ಅಭ್ಯಾಸ. ಗಂಭೀರ ಕಾಯಿಲೆ ಶುರುವಾದಾಗಲೇ ಆ ಸಂಸ್ಕಾರ ಪಡೆಯಬಹುದು.

ಈಗ ಏಳನೆಯ ಕಾರ್ಯಕ್ಕೆ ಬರುತ್ತೇನೆ. ವಲಸೆ ಬಂದವರ ನಡುವೆ ಇದರಷ್ಟು ಬೇಕಾದ, ಇದರಷ್ಟು ಮರೆತುಹೋದ ಸೇವೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಒಂದು ದಿನ ಫೋನ್ ಬರುತ್ತದೆ. ಯಾರೋ ಒಬ್ಬರು, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿದ್ದವರು, ತೀರಿಕೊಂಡಿದ್ದಾರೆ. ಮನೆಯವರು ಸಮುದ್ರದಾಚೆ. ಅವರಿಗೆ ವೀಸಾ ಸಿಗುವುದಿಲ್ಲ, ಸಿಕ್ಕರೂ ಟಿಕೆಟ್ಟಿಗೆ ದುಡ್ಡಿಲ್ಲ. ಹೆಣ ಕಳಿಸಬೇಕೋ, ಇಲ್ಲೇ ಮಣ್ಣು ಮಾಡಬೇಕೋ ಗೊತ್ತಿಲ್ಲ. ರಾಯಭಾರ ಕಚೇರಿ, ಆಸ್ಪತ್ರೆ, ಶವಸಂಸ್ಕಾರದ ಕಂಪನಿ, ಎಲ್ಲ ಕಡೆಯಿಂದ ಕಾಗದ ಕೇಳುತ್ತಾರೆ. ಇಂಥ ಹೊತ್ತಿನಲ್ಲಿ ಒಬ್ಬಳೇ ಎಲ್ಲವನ್ನೂ ಹೊರಲಾಗುವುದಿಲ್ಲ, ಹೊರಲೂಬಾರದು. ಧರ್ಮಕೇಂದ್ರದಲ್ಲಿ ನಾಲ್ಕು ಜನ ಸೇರಿದರೆ ಆಗುತ್ತದೆ. ಒಬ್ಬರು ಮನೆಯವರ ಜೊತೆ ದಿನಾ ಫೋನಿನಲ್ಲಿ ಮಾತಾಡಬೇಕು, ಅದೂ ಒಬ್ಬರೇ ಮಾತಾಡಬೇಕು, ಇಲ್ಲದಿದ್ದರೆ ನಾಲ್ಕು ಬಾಯಿಯಿಂದ ನಾಲ್ಕು ಸುದ್ದಿ ಹೋಗಿ ಅವರ ಸಂಕಟ ಜಾಸ್ತಿಯಾಗುತ್ತದೆ. ಒಬ್ಬರು ಕಾಗದ ನೋಡಿಕೊಳ್ಳಬೇಕು. ಒಬ್ಬರು ಹಣದ ಲೆಕ್ಕ ಬರೆದು ಎಲ್ಲರಿಗೂ ತೋರಿಸಬೇಕು. ಒಬ್ಬರು ಫಾದರ್ ಜೊತೆ ಪೂಜೆಯ ಏರ್ಪಾಡು ಮಾಡಬೇಕು.

ಎಷ್ಟೋ ಮನೆಯವರು ಖರ್ಚಿಗೆ ಹೆದರಿ ದಹನಕ್ಕೆ ಒಪ್ಪುತ್ತಾರೆ, ಒಪ್ಪಿದ ಮೇಲೆ ಪಾಪವಾಯಿತೇನೋ ಅಂತ ಕೊರಗುತ್ತಾರೆ. ಅವರಿಗೆ ನೀನು ಹೇಳಬಹುದು, ಧರ್ಮಸಭೆ 1963ರಿಂದಲೇ ದಹನಕ್ಕೆ ಅವಕಾಶ ಕೊಟ್ಟಿದೆ, ನಂಬಿಕೆಯನ್ನು ನಿರಾಕರಿಸುವ ಉದ್ದೇಶ ಇರಬಾರದು ಅಷ್ಟೇ. ಹೂಳುವುದನ್ನೇ ಅದು ಹೆಚ್ಚು ಮೆಚ್ಚುತ್ತದೆ ನಿಜ. ಬೂದಿಯನ್ನು ಚೆಲ್ಲಬಾರದು, ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿತು. ಇದಿಷ್ಟು ಸರಿಯಾಗಿ ಗೊತ್ತಿರುವ ಒಬ್ಬಳು ಫೋನಿನಲ್ಲಿ ಸಮಾಧಾನವಾಗಿ ಹೇಳಿದರೆ, ದೂರದಲ್ಲಿರುವ ಒಬ್ಬ ತಾಯಿಗೆ ಆ ರಾತ್ರಿ ಸ್ವಲ್ಪ ನಿದ್ದೆ ಬರುತ್ತದೆ.

ಆ ಪೂಜೆಗೆ ಹೋಗು. ಸತ್ತವರ ಪರಿಚಯ ಇಲ್ಲದಿದ್ದರೂ ಹೋಗು. ನಾನು ಹೋದ ಕೆಲವು ಶವಸಂಸ್ಕಾರಗಳಲ್ಲಿ ಫಾದರ್, ಶವಪೆಟ್ಟಿಗೆ ಹೊತ್ತವರು ಮತ್ತು ನಾವಿಬ್ಬರು ಮೂವರು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಪೂಜೆಯ ಉತ್ತರಗಳನ್ನು ಹೇಳುವ ಧ್ವನಿಗಳಿದ್ದವು. ಹೆಸರು ಹಿಡಿದು ಪ್ರಾರ್ಥಿಸುವವರಿದ್ದರು. ಅದನ್ನು ಫೋನಿನಲ್ಲಿ ನೋಡುತ್ತಿದ್ದ ಮನೆಯವರಿಗೆ, ನಮ್ಮ ಮಗ ಅನಾಥನಾಗಿ ಹೋಗಲಿಲ್ಲ ಅನ್ನುವ ಒಂದು ಸಮಾಧಾನ ಇತ್ತು. ನನ್ನ ನಂಬಿಕೆ ನನಗೆ ಕಲಿಸಿದ್ದರಲ್ಲಿ ಇದಕ್ಕಿಂತ ದೊಡ್ಡದು ಕಡಿಮೆ.

ಹೊಸದಾಗಿ ಬರುವವರಿಗೆ ಮಾಡುವ ಸಹಾಯದ ಬಗ್ಗೆಯೂ ಒಂದು ಎಚ್ಚರಿಕೆ. ಸ್ವಲ್ಪ ಭಾಷೆ ಬಂದ ಕೂಡಲೇ ನಿನ್ನನ್ನು ಆಸ್ಪತ್ರೆಗೆ, ಕಚೇರಿಗೆ, ವಕೀಲರ ಹತ್ತಿರ ಮಾತು ಅನುವಾದ ಮಾಡಲು ಕರೆಯುತ್ತಾರೆ. ಜೊತೆಗೆ ಹೋಗು, ಕೈ ಹಿಡಿದು ಕೂರು. ಆದರೆ ಆಪರೇಷನ್ ವಿಷಯ, ಕೋರ್ಟಿನ ವಿಷಯ ಬಂದಾಗ ಅಲ್ಲಿನ ಅಧಿಕೃತ ಅನುವಾದಕರನ್ನು ಕೊಡಿ ಅಂತ ಕೇಳು. ನಿನ್ನ ಒಂದು ತಪ್ಪು ಮಾತಿನಿಂದ ಅವರ ಜೀವಕ್ಕೋ ಬದುಕಿಗೋ ತೊಂದರೆ ಆಗಬಾರದು. ಯಾರಾದರೂ ಕೆಲಸದಾತ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದಾನೆ, ಸಂಬಳ ಕೊಡುತ್ತಿಲ್ಲ ಅಂತ ಗುಟ್ಟಾಗಿ ಹೇಳಿದರೆ, ನೀನೇ ಹೋಗಿ ಜಗಳ ಆಡಬೇಡ. ಬಹಳಷ್ಟು ಧರ್ಮಕ್ಷೇತ್ರಗಳಲ್ಲಿ ವಲಸಿಗರಿಗಾಗಿಯೇ ಒಂದು ಕಚೇರಿ ಇರುತ್ತದೆ, ಧರ್ಮಸಭೆಯ ನೆರವಿನ ಸಂಸ್ಥೆಯಾದ ಕಾರಿತಾಸ್ ಇರುತ್ತದೆ. ಅವರಿಗೆ ಆ ದೇಶದ ಕಾನೂನು ಗೊತ್ತು. ಅಲ್ಲಿಗೆ ತಲುಪಿಸು.

ಹಣದ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಗೆ ಕಳಿಸಬೇಕಾದ ದುಡ್ಡನ್ನು ದಾನಕ್ಕೆ ಕೊಡಬೇಡ. ಅಪ್ಪ ಅಮ್ಮನ ಔಷಧಿಗೆ, ತಮ್ಮನ ಓದಿಗೆ ನೀನು ಕಳಿಸುವುದು ಸೇವೆಯೇ. ಅದನ್ನು ಲೆಕ್ಕಕ್ಕೆ ಹಿಡಿಯದೆ, ನಾನು ಏನೂ ಮಾಡುತ್ತಿಲ್ಲ ಅಂದುಕೊಳ್ಳುವುದು ನಿನಗೆ ನೀನೇ ಮಾಡಿಕೊಳ್ಳುವ ಅನ್ಯಾಯ. ಸಾಲ ಕೇಳುವವರಿಗೆ ನಿನ್ನ ಕೈಯಿಂದ ಕೊಡುವ ಬದಲು ಧರ್ಮಕೇಂದ್ರದ ನಿಧಿಯ ದಾರಿ ತೋರಿಸು. ಸ್ನೇಹವೂ ಉಳಿಯುತ್ತದೆ.

ನಿನ್ನ ಜೊತೆಯವಳ ಪ್ರಶ್ನೆಗೆ ಬರೋಣ. ಒಳ್ಳೆಯದು ಮಾಡೋಕೆ ಚರ್ಚ್ ಯಾಕೆ ಬೇಕು? ಮೊದಲು ಅವಳ ಮಾತಿನಲ್ಲಿರುವ ನಿಜವನ್ನು ಒಪ್ಪಿಕೋ. ಚರ್ಚಿಗೆ ಕಾಲಿಡದ ಎಷ್ಟೋ ಜನ ನಮಗಿಂತ ಚೆನ್ನಾಗಿ ಸೇವೆ ಮಾಡುತ್ತಾರೆ. ಯೇಸು ಹೇಳಿದ ಸಾಮತಿಯಲ್ಲಿ, ಅಂದರೆ ನೀತಿಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡವನು ಯೆಹೂದ್ಯರು ಹೊರಗಿನವನು ಅಂತ ದೂರ ಇಟ್ಟಿದ್ದ ಸಮಾರಿಯದವನು, ದೇವಾಲಯದ ಸೇವೆಯವರು ಬದಿಯಿಂದ ದಾಟಿ ಹೋದರು. ಇದನ್ನು ನಾವು ಮರೆಯಬಾರದು.

ಆದರೆ ನಮಗೆ ಪೂಜೆ ಬೇರೆ, ಸೇವೆ ಬೇರೆ ಅಲ್ಲ. ಸುಮಾರು 155ನೇ ಇಸವಿಯಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನ್ ಕ್ರೈಸ್ತರ ಭಾನುವಾರ ಹೇಗಿರುತ್ತದೆ ಅಂತ ಚಕ್ರವರ್ತಿಗೆ ಬರೆದು ತಿಳಿಸಿದರು. ವಾಚನ ಓದುತ್ತೇವೆ, ಬೋಧನೆ ಇರುತ್ತದೆ, ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಕೃತಜ್ಞತೆಯ ಪ್ರಾರ್ಥನೆ ಆಗುತ್ತದೆ, ಎಲ್ಲರೂ ಸ್ವೀಕರಿಸುತ್ತೇವೆ, ಬರಲಾಗದವರಿಗೆ ಒಯ್ದು ಕೊಡುತ್ತಾರೆ. ಆಮೇಲೆ ಅನುಕೂಲ ಇದ್ದವರು ಕೊಟ್ಟ ಕಾಣಿಕೆಯಿಂದ ಅನಾಥರನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿರುವವರನ್ನು, ನಮ್ಮ ನಡುವೆ ಬಂದು ತಂಗಿರುವ ಪರದೇಶಿಗಳನ್ನು ನೋಡಿಕೊಳ್ಳುತ್ತಾರೆ ಅಂತ ಅದರಲ್ಲಿದೆ. ಒಂದೇ ಬರಹದಲ್ಲಿ, ಒಂದೇ ಉಸಿರಿನಲ್ಲಿ ಪೂಜೆ ಮತ್ತು ಪರದೇಶಿ! ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ನಾವು ಮಾಡುವುದೂ ಇದೇ. ಉಳಿದ ಮೂರು ಶುಭಸಂದೇಶಗಳು ಕೊನೆಯ ಭೋಜನದಲ್ಲಿ ರೊಟ್ಟಿ ಮುರಿದದ್ದನ್ನು ಹೇಳಿದರೆ, ಅದೇ ರಾತ್ರಿ ಯೇಸು ಶಿಷ್ಯರ ಪಾದ ತೊಳೆದದ್ದನ್ನು ಯೊವಾನ್ನರು ತಮ್ಮ ಶುಭಸಂದೇಶದಲ್ಲಿ ಹೇಳುತ್ತಾರೆ.

ಅಲ್ಲಿ ಶಿಷ್ಯ ಪೇತ್ರ ಒಪ್ಪುವುದಿಲ್ಲ ನೋಡು. ನೀವು ನನ್ನ ಕಾಲು ತೊಳೆಯುವುದಾ, ಆಗುವುದೇ ಇಲ್ಲ ಅನ್ನುತ್ತಾನೆ. ಯೇಸು ಬಿಡುವುದಿಲ್ಲ. ಇದು ನಿನಗೂ ಬೇಕಾದ ಮಾತು. ನಮ್ಮಂಥವರಿಗೆ ಮಾಡುವುದು ಸುಲಭ, ಮಾಡಿಸಿಕೊಳ್ಳುವುದು ಕಷ್ಟ. ನನಗೆ ಆಪರೇಷನ್ ಆಗಿದ್ದಾಗ ಧರ್ಮಕೇಂದ್ರದ ಒಬ್ಬ ಹಿರಿಯರು ದಿನಾ ಬಂದು ಬಟ್ಟೆ ಒಗೆದು ಮಡಿಸಿಟ್ಟು ಹೋಗುತ್ತಿದ್ದರು. ನನಗಿಂತ ತುಂಬಾ ದೊಡ್ಡವರು. ಮಲಗಿದಲ್ಲೇ ಸಂಕೋಚದಿಂದ ಕುಗ್ಗಿಹೋಗುತ್ತಿದ್ದೆ. ಆದರೆ ಆ ದಿನಗಳ ನಂತರ ನಾನು ರೋಗಿಗಳ ಮನೆಗೆ ಹೋಗುವ ರೀತಿಯೇ ಬದಲಾಯಿತು. ಮಂಚದ ಮೇಲಿಂದ ನೋಡಿದಾಗ ಬಂದವರ ಆತುರ ಎಷ್ಟು ಚುಚ್ಚುತ್ತದೆ, ಅವರ ನಿಧಾನ ಎಷ್ಟು ಹಿತ ಅನ್ನುವುದು ಗೊತ್ತಾಯಿತು. ನಿನಗೆ ಜ್ವರ ಬಂದಾಗ ಯಾರಾದರೂ ಬರುತ್ತೇನೆ ಅಂದರೆ ಬೇಡ ಅನ್ನಬೇಡ.

ನಿನ್ನ ಜೊತೆಯವಳು ಇನ್ನೊಂದು ಅನುಮಾನ ಇಟ್ಟುಕೊಂಡಿರಬಹುದು, ಇವರು ಸೇವೆಯ ಹೆಸರಿನಲ್ಲಿ ಜನರನ್ನು ತಮ್ಮ ಧರ್ಮಕ್ಕೆ ಸೆಳೆಯುತ್ತಾರೆ ಅಂತ. ಪೋಪ್ 16ನೇ ಬೆನೆಡಿಕ್ಟರು 2005ರಲ್ಲಿ ಬರೆದ ತಮ್ಮ ಮೊದಲ ವಿಶ್ವಪತ್ರದಲ್ಲಿ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಪತ್ರ) ಇದಕ್ಕೆ ಖಚಿತವಾದ ಉತ್ತರ ಕೊಟ್ಟಿದ್ದಾರೆ. ಪ್ರೀತಿಗೆ ಬೆಲೆ ಕಟ್ಟಬಾರದು, ಬೇರೆ ಗುರಿ ಸಾಧಿಸಲು ಅದನ್ನು ಬಳಸಬಾರದು. ದೇವರ ಬಗ್ಗೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿದ್ದು ಪ್ರೀತಿಯೇ ಮಾತಾಡಲು ಬಿಡಬೇಕು ಅನ್ನುವುದು ಕ್ರೈಸ್ತನಿಗೆ ತಿಳಿದಿರಬೇಕು ಅಂತ ಅದರ ತಾತ್ಪರ್ಯ. ಹಸಿದವರ ತಟ್ಟೆಯ ಮುಂದೆ ಷರತ್ತು ಇಡುವುದು ಸೇವೆ ಅಲ್ಲ. ಅವರು ಯಾವ ಧರ್ಮದವರು ಅಂತ ಕೇಳಲೂಬೇಡ. ಅವರಾಗಿ ನಿನ್ನ ನಂಬಿಕೆಯ ಬಗ್ಗೆ ಕೇಳಿದರೆ ನಾಚಿಕೊಳ್ಳದೆ ಹೇಳು.

ಮದರ್ ಕಬ್ರಿನಿ ಅಂತ ಒಬ್ಬ ಸಂತರು ಇದ್ದಾರೆ, ಅವರ ಪರಿಚಯ ಮಾಡಿಕೋ. ಇಟಲಿಯವರು, 1850ರಲ್ಲಿ ಹುಟ್ಟಿದ್ದು, ಚಿಕ್ಕಂದಿನಿಂದ ಆರೋಗ್ಯ ಅಷ್ಟಕ್ಕಷ್ಟೆ. ಚೀನಾಕ್ಕೆ ಹೋಗಬೇಕು ಅಂತ ಆಸೆಪಟ್ಟವರನ್ನು ಪೋಪ್ 13ನೇ ಲಿಯೋ, ಪೂರ್ವಕ್ಕಲ್ಲ ಪಶ್ಚಿಮಕ್ಕೆ ಹೋಗಿ ಅಂತ ಅಮೆರಿಕಕ್ಕೆ ಕಳಿಸಿದರು. 1889ರಲ್ಲಿ ಕೆಲವು ಸಿಸ್ಟರ್‌ಗಳ ಜೊತೆ ನ್ಯೂಯಾರ್ಕಿನಲ್ಲಿ ಇಳಿದಾಗ ಅವರಿಗೆ ಅಂತ ಹೇಳಿದ್ದ ಮನೆಯೇ ಸಿದ್ಧವಿರಲಿಲ್ಲ. ಅಲ್ಲಿನ ಮಹಾಧರ್ಮಾಧ್ಯಕ್ಷರೇ (ಆರ್ಚ್‌ಬಿಷಪ್) ವಾಪಸ್ಸು ಹೋಗಿ ಅಂದರು. ಕಬ್ರಿನಿ ಹೋಗಲಿಲ್ಲ. ಇಂಗ್ಲಿಷ್ ಅವರ ಭಾಷೆಯಲ್ಲ, ಕೈಯಲ್ಲಿ ಹಣವಿಲ್ಲ. ಬಡ ಇಟಾಲಿಯನ್ ವಲಸಿಗರ ಮಕ್ಕಳಿಗೆ ಅನಾಥಾಲಯ, ಶಾಲೆ, ಆಮೇಲೆ ಆಸ್ಪತ್ರೆ ಹೀಗೆ ಒಂದೊಂದಾಗಿ ಕಟ್ಟುತ್ತಾ ಹೋದರು. 1917ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬೇರೆ ಬೇರೆ ದೇಶಗಳಲ್ಲಿ ಅಂಥ 67 ಸಂಸ್ಥೆಗಳಿದ್ದವು. 1950ರಲ್ಲಿ ಅವರನ್ನು ವಲಸಿಗರ ಪಾಲಕ ಸಂತರು ಅಂತ ಸಾರಿದರು. ನೀನು 67 ಕಟ್ಟಬೇಕಾಗಿಲ್ಲ. ಮನೆ ಸಿದ್ಧವಾಗಲಿ, ಆಮೇಲೆ ಶುರು ಮಾಡುತ್ತೇನೆ ಅಂತ ಅವರು ಕಾಯಲಿಲ್ಲ ಅನ್ನುವುದಷ್ಟೇ ನನಗೆ ಬೇಕಾದದ್ದು.

ನಮ್ಮ ಭಾಷೆಯವರ ಗುಂಪು ಸಿಕ್ಕರೆ ಸೇರಿಕೊಳ್ಳಲಾ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. ಸೇರಿಕೋ. ತಾಯ್ನುಡಿಯಲ್ಲಿ ಪ್ರಾರ್ಥಿಸುವುದು ದೊಡ್ಡ ಆಸರೆ, ಧರ್ಮಸಭೆಯ ಕಾನೂನೂ ಭಾಷೆಯ ಆಧಾರದ ಧರ್ಮಕೇಂದ್ರಗಳಿಗೆ ಅವಕಾಶ ಕೊಟ್ಟಿದೆ. ಆದರೆ ನೀನಿರುವ ಬೀದಿಯ ಚರ್ಚನ್ನು ಬಿಡಬೇಡ. ರೋಗಿಗಳು ಇರುವುದು ಆ ಬೀದಿಯಲ್ಲಿ.

ಸುಸ್ತಾದಾಗ ನಿಲ್ಲಿಸು. ಮಾರ್ತಾ ಉಪಚಾರದ ಗಡಿಬಿಡಿಯಲ್ಲಿದ್ದಾಗ ಸಹೋದರಿ ಮರಿಯಾ ಸುಮ್ಮನೆ ಕೂತು ಯೇಸುವಿನ ಮಾತು ಕೇಳಿದ ಕಥೆ ಲೂಕನ ಶುಭಸಂದೇಶದಲ್ಲಿ ಆ ಸಮಾರಿಯದವನ ಸಾಮತಿಯ ಬೆನ್ನಿಗೇ ಬರುತ್ತದೆ. ಮದರ್ ತೆರೇಸಾರ ಸಿಸ್ಟರ್‌ಗಳು ಅಷ್ಟು ಕೆಲಸದ ನಡುವೆಯೂ ದಿನಾ ಒಂದು ಗಂಟೆ ಪರಮಪ್ರಸಾದದ ಮುಂದೆ ಮೌನವಾಗಿ ಕೂರುತ್ತಾರೆ. ಪ್ರಾರ್ಥನೆ ಬಿಟ್ಟು ಬರೀ ಓಡಾಡಿದವರು ಸ್ವಲ್ಪ ಕಾಲದಲ್ಲಿ ಸಿಡುಕರಾಗುವುದನ್ನು ನೋಡಿದ್ದೇನೆ. ಸಹಾಯ ಪಡೆದವರು ಥ್ಯಾಂಕ್ಸ್ ಹೇಳಲಿಲ್ಲ ಅಂತ ಲೆಕ್ಕ ಇಡಲು ಶುರು ಮಾಡಿದ ದಿನ, ಒಂದೆರಡು ವಾರ ಬಿಡುವು ತೆಗೆದುಕೋ.

ಈ ಭಾನುವಾರ ಪೂಜೆ ಆದ ಮೇಲೆ ರೋಗಿಗಳ ಗುಂಪಿನ ಬಗ್ಗೆ ಕೇಳು. ಹಾಗೇ ನಿನ್ನ ಹಿಂದಿನ ಬೆಂಚಿನಲ್ಲಿ ಇನ್ನೂ ಯಾರು ಯಾರು ಒಬ್ಬರೇ ಕೂರುತ್ತಾರೆ ಅಂತ ನೋಡು. ಅವರಲ್ಲಿ ಒಬ್ಬರ ಹೆಸರು ಕೇಳಿಕೊಂಡು ಬಾ. ತಪಾಸಣೆಯ ಫಾರ್ಮಿನಲ್ಲಿ ಹಳೆಯ ವಿಳಾಸಗಳನ್ನು ಕೇಳುತ್ತಾರೆ, ಅದನ್ನು ತುಂಬುವಾಗ ಗೊಂದಲವಾದರೆ ನನಗೆ ಕಳಿಸು, ಒಟ್ಟಿಗೆ ಕೂತು ನೋಡೋಣ.

ನಿನ್ನ ಅಕ್ಕ